ಅಣ್ಣ ಹಾಕಿದ ಗಂಟು

ಬಸವಕಲ್ಯಾಣ
೨೧ ಮಾರ್ಚ್ ೨೦೨೫, ಶುಕ್ರವಾರ

ಜಯಮಾಲಾ ವೈನಿಯವರಿಗೆ,

ನಿಮ್ಮ ನಾದಿನಿ ಸ್ನೇಹಲಳ ಶರಣು. ಹುಮನಾಬಾದಿನ ತವರಿನಲ್ಲಿ ಹೇಗಿದ್ದೀರಿ ಎಂದು ನಾನು ಕೇಳುವುದಿಲ್ಲ. ಚೆನ್ನಾಗಿದ್ದೀರಿ ಎಂಬುದು ನನಗೆ ದಿನಾ ಗೊತ್ತಾಗುತ್ತದೆ. ಅವ್ವ ನಿಮಗೆ ಫೋನ್ ಮಾಡುವಾಗ ನನಗೆ ಕೇಳಿಸಲೆಂದೇ ಸ್ಪೀಕರ್ ಹಾಕುತ್ತಾಳೆ. ನೀವು ನಕ್ಕದ್ದು ಅಡುಗೆಮನೆಯವರೆಗೂ ಬರುತ್ತದೆ. ಆಗ ನಾನು ಮಿಕ್ಸರ್ ಹಚ್ಚುತ್ತೇನೆ.

ನಿಮ್ಮ ವಾಟ್ಸಾಪ್ ಸಂದೇಶಗಳಿಗೆ ಉತ್ತರ ಕೊಟ್ಟಿಲ್ಲ. ಓದಿದ್ದೇನೆಂದು ನಿಮಗೂ ಗೊತ್ತು, ಆ ನೀಲಿ ಗೆರೆ ಯಾರ ಗುಟ್ಟನ್ನೂ ಇಡುವುದಿಲ್ಲ. ಇನ್ನು ಫೋನಿನಲ್ಲಂತೂ ನನಗೆ ಬಾಯಿಯೇ ಬರುವುದಿಲ್ಲ. ನೀವೇ ಅನ್ನುತ್ತಿದ್ದಿರಲ್ಲ, ‘ಸ್ನೇಹಲ್ ಜೊತಿ ಮಾತಾಡೂದಂದ್ರ ಗ್ವಾಡಿ ಜೊತಿ ಮಾತಾಡಿದಾಂಗ. ಖರೆ ಈ ಗ್ವಾಡಿ ಎಲ್ಲಾ ಕೇಳಸ್ಕೋತದ’ ಎಂದು. ಅದಕ್ಕೇ ಬರೆಯುತ್ತಿದ್ದೇನೆ. ಪಕ್ಕದ ಮನೆಯ ಮಹಜಬೀನ್ ನಾಳೆ ಹುಮನಾಬಾದಿನಲ್ಲಿ ತಾನು ಪಾಠ ಮಾಡುವ ಶಾಲೆಗೆ ಹೋಗುವಾಗ ಇದನ್ನು ನಿಮ್ಮ ಕೈಗೆ ಕೊಡುತ್ತಾಳೆ.

ನೀವು ಕೇಳಿರುವುದು ಒಂದೇ ಮಾತು, ಸೋಮವಾರ ಬರುತ್ತೀಯೋ ಇಲ್ಲವೋ ಎಂದು. ನಾನು ಬರದಿದ್ದರೆ ಈ ಮರುಮದುವೆಯೇ, ಉಡಕಿಯೇ ಬೇಡ ಎಂದು ಶಂಕರಲಿಂಗ ಅವರ ಮನೆಯವರಿಗೂ ಹೇಳಿಬಿಟ್ಟಿದ್ದೀರಂತೆ. ಅವರ ಚಿಕ್ಕಮ್ಮ ಮೊನ್ನೆ ಅವ್ವನಿಗೆ ಫೋನ್ ಮಾಡಿ, ‘ಎಲ್ಲಾ ನಿಮ್ಮ ಮಗಳ ಕೈಯಾಗದ ನೋಡ್ರಿ ಭಾಗಮ್ಮ’ ಅಂದರು. ನನ್ನ ಕೈಯಲ್ಲಿ ಇಷ್ಟು ದೊಡ್ಡದನ್ನು ಯಾರೂ ಯಾವತ್ತೂ ಇಟ್ಟಿರಲಿಲ್ಲ.

ಉತ್ತರಕ್ಕೆ ಮೊದಲು ನಿಮ್ಮ ಮೇಲೆ ನನಗಿರುವ ಹೊಟ್ಟೆಕಿಚ್ಚನ್ನು ಹೇಳಬೇಕು. ಅದನ್ನು ಮುಚ್ಚಿಟ್ಟುಕೊಂಡು ಬರುತ್ತೇನೆ ಎಂದರೂ ಸುಳ್ಳು, ಬರುವುದಿಲ್ಲ ಎಂದರೂ ಸುಳ್ಳು.

ಮಹಿಳಾ ದಿನಕ್ಕೆ ಆ ಹಳೆಯ ಕಪ್ಪು ಬಿಳುಪು ಸಿನಿಮಾ ತೋರಿಸಿದರಲ್ಲ, ಅಲ್ಲಿಂದ ಹೇಳುತ್ತೇನೆ. ಮಹಿಳಾ ಸಂಘದ ಯಶೋದಾಬಾಯಿ ಮನೆಗೆ ಬಂದು, ‘ನೀ ಕನ್ನಡದಾಗ ಎಂ.ಎ. ಮಾಡೀದಿ, ಮುಂದ ನಿಂತು ನಾಕ್ ಮಾತು ಹೇಳವ್ವಾ’ ಎಂದಾಗ ನನಗೆ ಎಷ್ಟು ಹಿಗ್ಗಾಯಿತು ಎಂದು ನಿಮಗೆ ಗೊತ್ತಿಲ್ಲ. ನಾನು ಆ ಚಿತ್ರವನ್ನು ಮೊದಲೇ ನೋಡಿ ಮಾತುಗಳನ್ನು ಸಿದ್ಧಮಾಡಿಕೊಂಡಿದ್ದೆ. ಆ ಎಳೆಯ ವಿಧವೆಯನ್ನು ಯಾವಾಗಲೂ ಯಾವುದೋ ಬಾಗಿಲ ಚೌಕಟ್ಟಿನ ಒಳಗಿನಿಂದಲೇ ತೋರಿಸಿದ್ದಾರೆ, ಒಂದು ಸಲವೂ ಆಕೆ ಪೂರ್ತಿ ಬೆಳಕಿಗೆ ಬರುವುದಿಲ್ಲ, ಅದನ್ನು ಗಮನಿಸಿ ಎಂದು ಹೇಳಬೇಕೆಂದಿದ್ದೆ. ಮೈಕು ಕೈಗೆ ಬಂದಾಗ ಬಾಯಿಂದ ಹೊರಟದ್ದು, ‘ಎಲ್ಲರಿಗೂ ಶರಣು. ಇದು ಹಳೆಯ ಚಿತ್ರ. ಚೆನ್ನಾಗಿದೆ’ ಎಂದಷ್ಟೇ. ಮೈಕು ಕೀರಲು ದನಿಯಲ್ಲಿ ಕೂಗಿತು. ಎರಡನೆಯ ಸಾಲಿನಿಂದ ನೀವೊಬ್ಬರೇ ಚಪ್ಪಾಳೆ ತಟ್ಟಿದಿರಿ. ನನಗೆ ಆಗ ನಿಮ್ಮ ಮೇಲೆ ಬಂದ ಸಿಟ್ಟು ಆ ಮೈಕಿನ ಮೇಲೂ ಬರಲಿಲ್ಲ.

ದೀಪ ಆರಿಸಿದ ಮೇಲೆ ನಾನು ಚಿತ್ರ ನೋಡಲಿಲ್ಲ, ನಿಮ್ಮನ್ನು ನೋಡಿದೆ. ಪರದೆಯ ಮೇಲೆ ಆ ಹುಡುಗಿಯ ಬಳೆ ಒಡೆದರು, ತಲೆಗೂದಲಿಗೆ ಕತ್ತಿ ತಂದರು. ಸಭೆಯ ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟುಕೊಂಡಿದ್ದರು. ನಮ್ಮ ಅಕ್ಕಪಕ್ಕದವರು ಮಾತ್ರ ಓರೆಗಣ್ಣಿನಿಂದ ನಿಮ್ಮ ಕಡೆ ನೋಡುತ್ತಿದ್ದರು, ಈಕೆ ಅಳುತ್ತಾಳೋ ಇಲ್ಲವೋ ಎಂದು. ನೀವು ಅಳಲಿಲ್ಲ. ಪರ್ಸಿನಿಂದ ಶೇಂಗಾ ಚಿಕ್ಕಿ ತೆಗೆದು ಅರ್ಧ ಮುರಿದು ಅವ್ವನಿಗೆ ಕೊಟ್ಟಿರಿ.

ನನ್ನ ಅಣ್ಣನ ಹೆಂಡತಿ ಅಳಬೇಕಿತ್ತು ಎಂದು ನನಗೆ ಅನ್ನಿಸಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಅನ್ನಿಸಿತು. ಪರದೆಯ ಮೇಲೆ ಒಬ್ಬ ವಿಧವೆ ಇದ್ದಳು, ಸಭೆಯಲ್ಲಿ ಒಬ್ಬರಿದ್ದಿರಿ, ನೋಡುವವರಿಗೆ ಇಬ್ಬರೂ ಸಾಕಾಗಿದ್ದಿರಿ. ಆ ಸತ್ತ ಗಂಡನಿಗೆ ಒಬ್ಬ ತಂಗಿ ಇದ್ದಿರಲಿಕ್ಕಿಲ್ಲವೇ? ಇದ್ದರೂ ಆ ಚಿತ್ರದಲ್ಲಿ ಆಕೆಗೆ ಒಂದು ಮಾತೂ ಇರಲಿಲ್ಲ.

ಆಮೇಲೆ ಆದದ್ದು ನಿಮಗೆ ಗೊತ್ತು, ಆದರೆ ನಾನು ನಿಂತ ಜಾಗದಿಂದ ಅದು ಹೇಗೆ ಕಂಡಿತು ಎಂಬುದು ಗೊತ್ತಿಲ್ಲ. ಯಶೋದಾಬಾಯಿ ಭಾಷಣ ಮಾಡಿ, ಇಂಥದ್ದೆಲ್ಲ ಬೇರೆಯವರ ಮನೆಯ ಕಥೆ, ಶರಣರು ನಡೆದಾಡಿದ ಈ ಕಲ್ಯಾಣದಲ್ಲಿ ಹೆಣ್ಣುಮಕ್ಕಳಿಗೆ ಹೀಗಾಗುವುದಿಲ್ಲ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಮೇಲೆ ಅವರೇ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು. ಅವ್ವ ತಾನಾಗಿಯೇ ಗೋಡೆಯ ಕಡೆ ಸರಿದು ಚಪ್ಪಲಿ ಹುಡುಕುವವರ ಹಾಗೆ ಬಗ್ಗಿದಳು. ನೀವು ಬಗ್ಗಲಿಲ್ಲ. ಬ್ಯಾಂಕಿಗೆ ಉಡುವ ನವಿಲು ಬಣ್ಣದ ಸೀರೆ ಉಟ್ಟಿದ್ದಿರಿ, ಕೈಯಲ್ಲಿ ಬಳೆ ಇದ್ದವು. ಅವರು ನಿಮ್ಮ ಹಣೆಗೆ ಕುಂಕುಮ ಹಚ್ಚಿಬಿಟ್ಟರು. ಹಿಂದಿನಿಂದ ಯಾರೋ ಅವರ ಕಿವಿಯಲ್ಲಿ ಪಿಸುಗುಟ್ಟಿದರು. ಪಾಪ, ಅವರು ಕೆಟ್ಟವರಲ್ಲ. ‘ಅಯ್ಯ, ಮಾಫ್ ಮಾಡವ್ವಾ, ನನಗ ಗೊತ್ತಿದ್ದಿಲ್ಲ’ ಎನ್ನುತ್ತ ತಮ್ಮ ಸೆರಗಿನ ತುದಿಯಿಂದ ಅದನ್ನು ಒರೆಸಲು ಕೈ ಎತ್ತಿದರು.

ನೀವು ಆ ಕೈ ಹಿಡಿದುಕೊಂಡು ಮೆಲ್ಲಗೆ ಅಂದಿರಿ, ‘ಇರ್ಲಿ ಬಿಡ್ರಿ ಬಾಯಿ. ಈಗ ತಾನೇ ನೀವೇ ಹೇಳೀರಿ, ಇಲ್ಲಿ ಹಾಂಗೆಲ್ಲ ಆಗಾಂಗಿಲ್ಲಂತ.’

ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು, ಯಶೋದಾಬಾಯಿಯೂ ಕಣ್ಣು ಒರೆಸಿಕೊಂಡು ನಕ್ಕರು. ‘ಭಾಷಣಾ ನಿನಗ ಕೊಡಬೇಕಿತ್ತು ನೋಡು’ ಅಂದರು. ನನಗೆ ಸಿಗದ ಸಭೆ ನಿಮಗೆ ಬಾಗಿಲಲ್ಲಿ ನಿಂತಲ್ಲೇ ಸಿಕ್ಕಿತು. ಆಟೋದಲ್ಲಿ ಮುಂದಿನ ಕನ್ನಡಿಯಲ್ಲಿ ನೀವು ನಿಮ್ಮ ಹಣೆ ನೋಡಿಕೊಂಡಿರಿ. ಮನೆಗೆ ಬಂದು ಮುಖ ತೊಳೆದಿರಿ, ಹಣೆಗೆ ನೀರು ತಾಗದ ಹಾಗೆ. ನಾನು ಟವೆಲ್ ಹಿಡಿದು ಹಿಂದೆಯೇ ನಿಂತಿದ್ದೆ.

ವೈನಿ, ಅಣ್ಣ ಹೋದ ದಿನ ನಿಮ್ಮ ಸುತ್ತ ಎಷ್ಟು ಜನ ಇದ್ದರು ಎಂಬುದು ನಿಮಗೆ ನೆನಪಿರಲಿಕ್ಕಿಲ್ಲ. ನನಗೆ ಇದೆ. ಡೆಂಗಿ ಜ್ವರ ಎಂದು ಆಸ್ಪತ್ರೆಗೆ ನಡೆದುಕೊಂಡು ಹೋದವನನ್ನು ಮಲಗಿಸಿಕೊಂಡು ತಂದಿದ್ದರು. ಬಂದವರೆಲ್ಲ ಸೀದಾ ನಿಮ್ಮ ಹತ್ತಿರ ಬರುತ್ತಿದ್ದರು. ನಿಮ್ಮ ಬಳೆ ತೆಗೆದರು, ಕಾಲುಂಗುರ ತೆಗೆದರು, ಕುಂಕುಮ ಒರೆಸಿದರು, ಒಂದೊಂದು ತೆಗೆಯುವಾಗಲೂ ಒಂದೊಂದು ಸಲ ಎಲ್ಲರೂ ಕೂಡಿ ಅತ್ತರು. ಅದು ಕ್ರೂರ ಎಂದು ನಾನು ಪುಸ್ತಕಗಳಲ್ಲಿ ಓದಿದ್ದೇನೆ, ಕ್ರೂರವೇ ನಿಜ. ಆದರೆ ನನ್ನ ಕೈಯಲ್ಲಿಯೂ ಬಳೆ ಇದ್ದವು. ನನ್ನ ಹಣೆಯ ಟಿಕಳಿ ಹಾಗೇ ಇತ್ತು. ಅಣ್ಣ ಸತ್ತಿದ್ದಾನೆ ಎಂಬುದು ನನ್ನ ಮೈಮೇಲೆ ಎಲ್ಲಿಯೂ ಕಾಣುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲವಲ್ಲ, ‘ಸ್ನೇಹಲ್, ಬಂದವ್ರಿಗೆ ಚಾ ನೋಡವ್ವಾ’ ಎಂದು ನನ್ನನ್ನು ಮಹಜಬೀನ್ ಮನೆಗೆ ಅಟ್ಟಿದರು. ಅವಳ ಅಡುಗೆಮನೆಯಲ್ಲಿ ದಿನವಿಡೀ ಚಹಾ ಸೋಸಿದೆ. ಅಳಬೇಕೆಂದರೆ ನಿಮ್ಮ ಕೊರಳು ತಬ್ಬಿ ಅಳಬೇಕಿತ್ತು, ಅಲ್ಲಿ ನನ್ನ ಪಾಳಿ ಬರಲೇ ಇಲ್ಲ.

ಆಮೇಲೂ ಹಾಗೆಯೇ. ಓಣಿಯಲ್ಲಿ ಸಿಕ್ಕವರು ನನ್ನನ್ನು ನಿಲ್ಲಿಸಿ ಕೇಳುತ್ತಿದ್ದುದು, ‘ನಿಮ್ಮ ವೈನಿ ಹ್ಯಾಂಗದಾಳವ್ವಾ?’ ಎಂದು. ಚೆನ್ನಾಗಿದ್ದಾರೆ ಎನ್ನುತ್ತಿದ್ದೆ. ನನ್ನ ದುಃಖದ ಸುದ್ದಿಯನ್ನೂ ನಾನು ನಿಮ್ಮ ಹೆಸರಿನಲ್ಲಿಯೇ ಹೇಳಬೇಕಾಗಿತ್ತು.

ಸಿನಿಮಾ ನೋಡಿ ಬಂದ ಆ ಸಂಜೆಯೇ ಅವ್ವ ತೊಗರಿಬೇಳೆ ಆರಿಸುತ್ತ ಮಾತು ತೆಗೆದಳು. ತಿಂಗಳುಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳೆಂದು ಕಾಣುತ್ತದೆ, ಆ ಕುಂಕುಮ ನೋಡಿ ಧೈರ್ಯ ಬಂದಿರಬೇಕು. ‘ಜಯಾ, ಹುಮನಾಬಾದ ಬಾಜೂಕ ಹುಡಗಿ ಅಂತ ಊರದಲ್ಲ, ಅಲ್ಲಿ ಶಂಕರಲಿಂಗ ಅಂತ ಒಬ್ಬಾತ ಅದಾನ. ಹುಮನಾಬಾದಾಗ ಪಂಪ್‌ಸೆಟ್ ರಿಪೇರಿ ಅಂಗಡಿ ಹಾಕ್ಯಾನ. ಹೆಂಡತಿ ತೀರಿಕೊಂಡಾಳ, ಮಕ್ಕಳಿಲ್ಲ. ನಾ ಹೋಗಿ ಮನಿ ನೋಡಿ ಬಂದೀನಿ. ನೀ ಬ್ಯಾಡ ಅಂದ್ರ ಇಲ್ಲೇ ಬಿಡೂಣು.’

ನೀವು ಮೊರದ ಬೇಳೆಗೆ ಕೈ ಹಾಕಿ, ‘ಅತ್ತಿ, ನನ್ನ ಹೊರಗ ಹಾಕಾಕತ್ತೀರೇನು?’ ಎಂದು ಕೇಳಿದಿರಿ.

‘ಹುಚ್ಚಿ. ಹೊರಗ ಹಾಕೂದಿದ್ರ ಬಿಸಲಾಗ ಮನಿ ನೋಡಾಕ ಯಾಕ ಹೋಗ್ತಿದ್ದೆ?’

ಉಡಕಿ ಎಂಬ ಶಬ್ದಕ್ಕೆ ನಾನು ಎಂ.ಎ. ಪರೀಕ್ಷೆಯಲ್ಲಿ ಅರ್ಥ ಬರೆದಿದ್ದೆ. ವಿಧವೆಯ ಮರುಮದುವೆ, ನಮ್ಮ ಸಮಾಜದ ಉದಾರ ಪದ್ಧತಿ ಎಂದು ಎರಡು ಪುಟ ತುಂಬಿಸಿದ್ದೆ. ಅದು ನಮ್ಮ ಪಡಸಾಲೆಗೆ ಬೇಳೆಯ ಮೊರದ ಜೊತೆ ಬಂದು ಕೂತಾಗ ನನಗೆ ಹೊಳೆದದ್ದು ಒಂದೇ. ನಿಮಗೆ ಇನ್ನೊಬ್ಬ ಗಂಡ ಸಿಗುತ್ತಾನೆ. ನನಗೆ ಇನ್ನೊಬ್ಬ ಅಣ್ಣನನ್ನು ಯಾವ ಊರಿನಿಂದ ನೋಡಿಕೊಂಡು ಬರುತ್ತಾರೆ?

ಆಗಲೇ ಅವ್ವ ನಮ್ಮ ಮನೆತನದ ಪದ್ಧತಿ ಹೇಳಿದ್ದು. ಗಂಡ ಸತ್ತಾಗ ತಾಳಿಯನ್ನು ತಲೆಯ ಮೇಲಿಂದ ತೆಗೆದು, ಗಂಟು ಹಾಗೇ ಇಟ್ಟು, ದೇವರ ಜಗಲಿಯ ಡಬ್ಬಿಯಲ್ಲಿಡುತ್ತಾರೆ. ಗಂಟು ಬಿಚ್ಚದೆ ಉಳಿದರೆ ಆಕೆ ಈ ಮನೆಯವಳೇ, ಕೊನೆಗೆ ಮಣ್ಣಿಗೆ ಹೋಗುವಾಗ ಅದೂ ಆಕೆಯ ಜೊತೆ ಹೋಗುತ್ತದೆ. ಉಡಕಿಯಾಗುವುದಾದರೆ ಮೊದಲು ಆ ಗಂಟು ಬಿಚ್ಚಬೇಕು. ಮದುವೆಯಲ್ಲಿ ಗಂಡಿನ ಹಿಂದೆ ನಿಂತು ಗಂಟು ಹಾಕಿದ ನಾದಿನಿಯೇ ಬಿಚ್ಚಬೇಕು, ಎಲ್ಲರ ಎದುರಿಗೆ, ತಾನಾಗಿ. ನೀವು ತಲೆ ಎತ್ತದೆ ಹೇಳಿದಿರಿ, ‘ಸ್ನೇಹಲ್ ಮನಸ್ಸಿಲೆ ಬಿಚ್ಚಿದ್ರನ ನಾ ಹೂಂ ಅಂತೀನಿ. ಆಕಿಗಿ ಯಾರೂ ಜುಲುಮಿ ಮಾಡಬ್ಯಾಡ್ರಿ.’ ನಾನು ಎದ್ದು ಮಾಳಿಗೆಗೆ ಹೋದೆ. ನೀವು ಅದನ್ನು ಪ್ರೀತಿಯಿಂದ ಹೇಳಿದಿರಿ ಎಂದು ಈಗ ಗೊತ್ತಾಗುತ್ತಿದೆ. ಆವತ್ತು ಮಾತ್ರ, ಬೇಡ ಎನ್ನುವ ಭಾರವನ್ನೂ ನನ್ನ ತಲೆಗೇ ಹಾಕಿದರಲ್ಲ ಎಂದುಕೊಂಡೆ.

ಮರುದಿನ ಭಾನುವಾರ ಶಂಕರಲಿಂಗ ಬಂದರು. ಅಷ್ಟು ಬೇಗ ಬರಬಾರದಿತ್ತು, ಆದರೆ ಅವ್ವ ಕರೆಸಿದ್ದಳು. ನಾನು ಮಂಡಕ್ಕಿ ಸುಸಲಾದ ತಟ್ಟೆ ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ಅವರು ಕೂತರು, ನೀರು ಕುಡಿದರು, ಅಂಗಳದಲ್ಲಿ ನೀರಿನ ಮೋಟಾರು ಗುರ್ ಎನ್ನುವುದನ್ನು ಕೇಳಿದರು, ಎದ್ದು ಅತ್ತ ಹೊರಟೇಬಿಟ್ಟರು. ಬಗ್ಗಿ ಏನೋ ಬಿಗಿದು, ಕೈಗೆ ಮಣ್ಣು ಹಚ್ಚಿಕೊಂಡು ಒಳಗೆ ಬಂದು, ‘ಮಾಫ್ ಮಾಡ್ರಿ, ಸಪ್ಪಳಾ ಕೇಳಿದ್ರ ನನಗ ಕೂಡಾಕ ಆಗಾಂಗಿಲ್ಲ’ ಅಂದರು. ನೀವು ಅಂದಿರಿ, ‘ನಾ ಸಪ್ಪಳಾ ಮಾಡಾಂಗಿಲ್ರಿ. ನನ್ನ ಕಡಿ ನೋಡ್ತೀರೋ ಇಲ್ಲೋ?’

ಅವರ ಕಿವಿ ಕೆಂಪಾದವು. ನೀವು ನಕ್ಕಿರಿ. ಅಡತಿ ಅಂಗಡಿಯಿಂದ ಬಂದ ಅಣ್ಣ ಮೈಮೇಲಿನ ತೊಗರಿ ಧೂಳನ್ನು ನಿಮ್ಮ ಮೇಲೆ ಕೊಡವಿದಾಗ ನಗುತ್ತಿದ್ದಿರಲ್ಲ, ಅದೇ ನಗು. ಅದು ಅಣ್ಣನ ಜೊತೆಗೇ ಹೋಯಿತು ಎಂದುಕೊಂಡಿದ್ದೆ. ಅದು ನಿಮ್ಮ ಹತ್ತಿರವೇ ಇತ್ತು. ಆ ಹಾಳು ಮೋಟಾರನ್ನು ಅಣ್ಣ ಒದ್ದು ಸುಮ್ಮನಾಗಿಸುತ್ತಿದ್ದ. ಅವನು ಹೋದ ಮೇಲೂ ಅದು ಗುರ್ ಎಂದರೆ ನನ್ನ ಕಿವಿ ಅವನ ಒದೆತಕ್ಕೆ ಕಾಯುತ್ತಿತ್ತು. ಆವತ್ತಿನಿಂದ ಅದು ಸಪ್ಪಳ ಮಾಡುವುದಿಲ್ಲ. ಮೋಟಾರು ರಿಪೇರಿಯಾದರೆ ಅಳುವಂಥ ಹುಡುಗಿಯನ್ನು ನೀವು ಎಲ್ಲಿಯಾದರೂ ನೋಡಿದ್ದೀರಾ?

ಅದರ ಮಾರನೆಯ ಬೆಳಿಗ್ಗೆ ನೀವು ಹುಮನಾಬಾದಿಗೆ ಹೊರಟಿರಿ. ನಾನು ಮಲಗಿದವಳಂತೆ ಗೋಡೆಯ ಕಡೆ ತಿರುಗಿಕೊಂಡಿದ್ದೆ. ನೀವು ನನ್ನ ಹೊದಿಕೆ ಸರಿಮಾಡಿ ಹೋದಿರಿ. ಅದೂ ಸಿಟ್ಟು ತಂದಿತು.

ಇಂದು ಮಧ್ಯಾಹ್ನ ಅವ್ವ ಮಾರ್ಕೆಟ್ಟಿಗೆ ಹೋದಾಗ ಜಗಲಿಯ ಡಬ್ಬಿ ತೆಗೆದೆ. ಒಂದು ಸಲ ನೋಡಿಬಿಡೋಣ, ಬಿಚ್ಚಲು ಬರುವಂತಿಲ್ಲ ಎಂದಾದರೆ ಹಾಗೆಯೇ ಹೇಳಿ ತಪ್ಪಿಸಿಕೊಳ್ಳೋಣ ಎಂದು. ಅರಿಶಿನದ ದಾರ ಒಣಗಿ ಕಟ್ಟಿಗೆಯ ಹಾಗಾಗಿತ್ತು. ಮೇಲೆ ನನ್ನ ಎರಡು ಗಂಟು, ಸಣ್ಣಗೆ, ಒಂದರ ಮೇಲೊಂದು. ಅವುಗಳ ಕೆಳಗೆ ಅಣ್ಣನದು. ವೈನಿ, ಅದು ತಾಳಿಯ ಗಂಟೇ ಅಲ್ಲ, ತೊಗರಿ ಚೀಲದ ಬಾಯಿಗೆ ಹಾಕುವ ಗಂಟು. ಮದುವೆಯ ಗದ್ದಲದಲ್ಲಿ ತನಗೆ ಬರುವ ಒಂದೇ ಗಂಟನ್ನು ಹಾಕಿಬಿಟ್ಟಿದ್ದಾನೆ. ಹಾಕಿ ನನ್ನ ಕಡೆ ತಿರುಗಿ ಪಿಸುಗುಟ್ಟಿದ್ದ, ‘ನೀ ಗಟ್ಟಿ ಹಾಕ ಸ್ನೇಹಾ, ನನ್ನ ಗಂಟಿನ ಭರೋಸಾ ಇಲ್ಲ.’ ನೀವು ತಲೆ ತಗ್ಗಿಸಿ ಕೂತಿದ್ದಿರಿ, ನಿಮಗೆ ಕೇಳಿಸಿರಲಿಕ್ಕಿಲ್ಲ. ಅದು ನನ್ನೊಬ್ಬಳ ಹತ್ತಿರವೇ ಇರುವ ಮಾತು. ಇದನ್ನು ನಿಮಗೆ ಹೇಳದೆ ಇಟ್ಟುಕೊಂಡಿದ್ದೆ, ನಿಮ್ಮ ಹತ್ತಿರ ಅಣ್ಣನ ಅಷ್ಟೊಂದು ಮಾತುಗಳಿದ್ದವಲ್ಲ, ನನಗೆ ಒಂದಾದರೂ ಇರಲಿ ಎಂದು.

ಅವನ ಗಂಟನ್ನು ಉಗುರಿನಿಂದ ಮುಟ್ಟಿ ನೋಡಿದೆ. ಅವನು ಕೈಯಾರೆ ಮಾಡಿ, ಇನ್ನೂ ಹಾಗೆಯೇ ಉಳಿದಿರುವುದು ಈ ಮನೆಯಲ್ಲಿ ಇದೊಂದೇ. ನನ್ನ ಎರಡು ಗಂಟು ಬಿಚ್ಚದೆ ಯಾರಿಗೂ ಅದು ಸಿಗುವುದಿಲ್ಲ. ಬಳೆ ತೆಗೆಯುವಾಗ ನನ್ನನ್ನು ಯಾರೂ ಕರೆಯಲಿಲ್ಲ. ಇದಕ್ಕೆ ನನ್ನನ್ನು ಬಿಟ್ಟು ಬೇರೆ ಯಾರೂ ಆಗುವುದಿಲ್ಲ. ಅಣ್ಣನಿಗಾಗಿ ನಾನು ಮಾಡಬಹುದಾದ ಒಂದೇ ಒಂದು ಕೆಲಸ ನಿಮ್ಮ ಮದುವೆಯಲ್ಲಿದೆ.

ಬರುತ್ತೇನೆ, ವೈನಿ. ಸೋಮವಾರ ಬೆಳಗಿನ ಬಸ್ಸಿಗೆ ಅವ್ವನನ್ನೂ ಕರೆದುಕೊಂಡು ಬರುತ್ತೇನೆ.

ಎರಡು ಮಾತು ನಡೆಸಿಕೊಡಿ. ಬಂಗಾರ ದೇವರಿಗೆ ಹೋಗಲಿ, ದಾರ ನನಗೆ ಬೇಕು. ಮತ್ತೆ, ಬಿಚ್ಚುವಾಗ ನಾನು ಅಳುತ್ತೇನೆ, ಬಹುಶಃ ಜೋರಾಗಿಯೇ. ನಾಲ್ಕು ಜನರೆದುರು ಹೆಸರು ಹೇಳಲೂ ನಾಚುವವಳು ನಾನು. ಆದರೂ ಶುಭಕಾರ್ಯ ಎಂದು ಯಾರೂ ನನ್ನನ್ನು ಸುಮ್ಮನಿರಿಸಬಾರದು. ನೀವೂ ಸಮಾಧಾನ ಮಾಡಬಾರದು. ನಿಮ್ಮ ಜೊತೆಗೆ ಕೂತು ಅಳುವುದು ನನಗೆ ಬಾಕಿ ಇದೆ.

ಹೊಟ್ಟೆಕಿಚ್ಚು ಹೋಯಿತು ಎಂದು ಬರೆಯಲಾರೆ. ಅದನ್ನೂ ಜೊತೆಗೆ ಕರೆತರುತ್ತೇನೆ, ಅದಕ್ಕೂ ಒಂದು ಎಲೆ ಹಾಕಿಸಿ. ಸೋಮವಾರದ ನಂತರ ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯುತ್ತಿಲ್ಲ. ಅಕ್ಕ ಎನ್ನಲು ನಾಲಿಗೆ ಹೊರಳುವುದಿಲ್ಲ. ವೈನಿ ಎಂದೇ ಕರೆದರೆ ನಾನು ಶಂಕರಲಿಂಗ ಅವರಿಗೆ ತಂಗಿಯಾಗಬೇಕಾಗುತ್ತದೆ, ಅದಕ್ಕೆ ನಾನು ಇನ್ನೂ ತಯಾರಿಲ್ಲ. ಅವರಿಗೆ ಈಗಲೇ ಹೇಳಿಬಿಡಿ. ಮೋಟಾರು ಚೆನ್ನಾಗಿ ನಡೆಯುತ್ತಿದೆ ಎಂದೂ ಹೇಳಿ.

ಸೋಮವಾರ ಮಧ್ಯಾಹ್ನದವರೆಗಾದರೂ ನಿಮ್ಮ ನಾದಿನಿಯಾಗಿರುವ,
ಸ್ನೇಹಲ್

ತಾ.ಕ.: ಒಂದನ್ನು ಮೇಲೆ ಬರೆಯದೆ ಬಿಟ್ಟಿದ್ದೆ. ಡಬ್ಬಿಯಲ್ಲಿ ಒಂದಲ್ಲ, ಎರಡು ತಾಳಿ ಇದ್ದವು. ಇನ್ನೊಂದರ ದಾರ ಪೂರ್ತಿ ಕಪ್ಪಾಗಿತ್ತು. ನಾನು ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಗಲೇ ಅವ್ವ ಬಂದಳು. ಬೈಯಲಿಲ್ಲ. ಪಕ್ಕದಲ್ಲಿ ಕೂತು ಕಪ್ಪು ದಾರದ ಮೇಲೆ ಬೆರಳಿಟ್ಟಳು. ‘ಇದು ನಿಮ್ಮಪ್ಪಂದು. ಮ್ಯಾಲಿನ್ವು ನಿಮ್ಮ ಗಯಾಬಾಯಿ ಅತ್ತೀವು. ಆಕಿನೂ ನಿನ್ನಾಂಗ ಗಟ್ಟಿ ಹಾಕ್ಯಾಳ.’ ಅಪ್ಪ ಹೋದಾಗ ಅವ್ವ ಈಗಿನ ನಿಮಗಿಂತ ಸಣ್ಣವಳು. ದಾರದಿಂದ ಬೆರಳು ತೆಗೆಯದೆ ಅಂದಳು, ‘ನನಗ ಯಾರೂ ಕೇಳಲಿಲ್ಲ ನೋಡು. ಕೇಳಿದ್ರ ಬ್ಯಾಡ ಅಂತಿದ್ದೆ, ನೀವಿಬ್ರೂ ಸಣ್ಣವರಿದ್ರಿ. ಖರೆ, ಕೇಳಬೇಕಿತ್ತು. ಜಯಾಗ ಕೇಳೂಮುಂದ ನನ್ನ ನಾಲಿಗಿ ತಡೀತು.’ ಗಂಟು ಹಾಕಿದ ಕೈಯೇ ಬಿಚ್ಚಬೇಕಲ್ಲ ಎಂದುಕೊಂಡು, ನಿರ್ಣಾದಲ್ಲಿರುವ ಗಯಾಬಾಯಿ ಅತ್ತೆಯ ನಂಬರ್ ಕೊಡು ಎಂದೆ. ಯಾಕೆ ಎಂದು ಅವ್ವ ಕೇಳಲಿಲ್ಲ. ತನ್ನ ಫೋನನ್ನು ನನ್ನ ಕೈಯಲ್ಲಿಟ್ಟು, ದೇವರ ದೀಪಕ್ಕೆ ಎಣ್ಣೆ ಹಾಕಲು ಎದ್ದಳು.